ಮೊದಲು ಸತ್ಯ, ಬಳಿಕ ಮಂಗಲ

ಸತ್ಯಮಂಗಲವೆಂಬ ಹೆಸರು ಕಿವಿಗೆ ಬಿದ್ದೊಡನೆ ಬಹುಮಂದಿಯ ಮನಸ್ಸು ದಕ್ಷಿಣಕ್ಕೆ ಓಡುವುದು ಸಹಜ. ಚಾಮರಾಜನಗರದ ಗಡಿ ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದ ಮೇಲೆ ಸಿಕ್ಕುವ ತಮಿಳುನಾಡಿನ ಪಟ್ಟಣ, ಅದರ ಸುತ್ತಣ ಕಾಡು, ಆ ಕಾಡಿನ ಆನೆ, ಹುಲಿಗಳೆಲ್ಲ ಕಣ್ಣಮುಂದೆ ಬಂದು ನಿಲ್ಲುತ್ತವೆ. ಆದರೆ ಇಲ್ಲಿ ಹೇಳಹೊರಟಿರುವ ಸತ್ಯಮಂಗಲ ಅದಲ್ಲ. ಇಲ್ಲಿ ಘಟ್ಟವಿಲ್ಲ, ಕಾಡಾನೆಯ ಭಯವೂ ಇಲ್ಲ. ಇದು ತುಮಕೂರು ನಗರಕ್ಕೆ ಹೊಂದಿಕೊಂಡಿರುವ ಸತ್ಯಮಂಗಲ. ಹಳ್ಳಿಯಾಗಿದ್ದುದು, ನಗರ ಬೆಳೆದು ಬಂದು ಕೈಹಿಡಿದಾಗ ಅರ್ಧ ಹಳ್ಳಿಯೂ ಅರ್ಧ ಪೇಟೆಯೂ ಆಗಿ ನಿಂತಿರುವ ನೆಲ.

ಬೆಂಗಳೂರಿನಿಂದ ಬರುವವರಿಗೆ ತುಮಕೂರು ಸುಮಾರು 70 ಕಿಲೋಮೀಟರು. ನೆಲಮಂಗಲ ಕಳೆದು ದಾಬಸ್‌ಪೇಟೆ ಬರುವ ವೇಳೆಗೆ ಎಡಗಡೆ ಶಿವಗಂಗೆಯ ಬೆಟ್ಟ ತಲೆಯೆತ್ತಿ ನಿಲ್ಲುತ್ತದೆ. ಮುಂದೆ ಕ್ಯಾತ್ಸಂದ್ರ. ಸಿದ್ಧಗಂಗೆಗೆ ಹೋಗುವ ಭಕ್ತರೂ ತಟ್ಟೆ ಇಡ್ಲಿಯ ಭಕ್ತರೂ ಇಳಿದುಕೊಳ್ಳುವ ಊರು. ರೈಲಿನಲ್ಲಿ ಬಂದರೆ ಬೆಳಗಿನ ಹೊತ್ತು ಇನ್ನೊಂದು ನೋಟ ಕಾಣಸಿಗುತ್ತದೆ. ಎದುರಿನ ಗಾಡಿಗಳಲ್ಲಿ ತಿಂಡಿಯ ಡಬ್ಬಿ ಹಿಡಿದ ನೌಕರರ ದಂಡು ರಾಜಧಾನಿಯ ಕಡೆಗೆ ಸಾಗುತ್ತಿರುತ್ತದೆ. ದುಡಿಮೆ ಬೆಂಗಳೂರಿನಲ್ಲಿ, ಬಾಳುವೆ ತುಮಕೂರಿನಲ್ಲಿ ಎಂದು ನಿಶ್ಚಯಿಸಿಕೊಂಡ ಸಂಸಾರಗಳು ಈ ಜಿಲ್ಲಾಕೇಂದ್ರದಲ್ಲಿ ಒಂದೆರಡಲ್ಲ.

ಊರೂ ಬೆಳೆಯುತ್ತಿದೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಗೊಂಡಿತು. ಸತ್ಯಮಂಗಲದಲ್ಲಿಯೇ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಬಂದಲ್ಲಿ ಕೆಲಸ, ಕೆಲಸ ಬಂದಲ್ಲಿ ಬಡಾವಣೆ. ಇದು ಎಲ್ಲ ಊರುಗಳ ಕಥೆ. ಹೊಸ ನಿವೇಶನ ಕೊಂಡು ಕಟ್ಟಿಸುವಷ್ಟು ಹಣವಾಗಲಿ ತಾಳ್ಮೆಯಾಗಲಿ ಇಲ್ಲದವರು ಕಟ್ಟಿದ ಮನೆಯನ್ನೇ ಹುಡುಕುತ್ತಾರೆ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಎಚ್ಚರಿಸಿದ್ದುಂಟು. ಒಬ್ಬರು ಬಾಳಿದ ಮನೆಯನ್ನು ಕೊಂಡು ನೋಡು ಎಂಬ ಮಾತನ್ನು ಅವರು ಹೇಳಲಿಲ್ಲ. ಹೇಳುವ ಪ್ರಸಂಗ ಅವರ ಕಾಲಕ್ಕೆ ಅಷ್ಟಾಗಿ ಬರಲಿಲ್ಲವೆಂದು ತೋರುತ್ತದೆ.

ಹಳೆಯ ಮನೆ ಎರಡು ಬಗೆ

ಈ ಸೀಮೆಯಲ್ಲಿ ಹಳೆಯ ಮನೆಯೆಂದರೆ ಎರಡು ಬಗೆ. ಮೊದಲನೆಯದು ನಿಜವಾಗಿಯೂ ಹಳೆಯದು. ತುಮಕೂರಿನ ಚಿಕ್ಕಪೇಟೆಯಂಥ ಕೇರಿಗಳಲ್ಲಿ, ಗುಬ್ಬಿ ಕುಣಿಗಲುಗಳ ಒಳಬೀದಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಮನೆ. ಮುಂದೆ ಕಲ್ಲುಚಪ್ಪಡಿಯ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶ ಕಾಣುವ ತೊಟ್ಟಿ, ಮೇಲೆ ಮರದ ತೊಲೆ ಜಂತಿಗಳು, ಗೋಡೆಯಲ್ಲಿ ದೀಪದ ಗೂಡು. ಮಣ್ಣಿನ ಗೋಡೆಯ ದಪ್ಪವೇ ಬೇಸಗೆಯನ್ನು ಹೊರಗೆ ನಿಲ್ಲಿಸುವ ಕಾವಲುಗಾರ. ಇಂಥ ಗೋಡೆಗೆ ಗಟ್ಟಿಯಾಗಲೆಂದು ಸಿಮೆಂಟು ಬಳಿಯುವುದು ಉಪಕಾರವಲ್ಲ. ಮಣ್ಣು, ಸುಣ್ಣ ಎರಡೂ ಒಳಗಿನ ತೇವವನ್ನು ಹೊರಗೆ ಬಿಡುತ್ತವೆ. ಸಿಮೆಂಟಿನ ಪದರ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಕೆಲವು ವರ್ಷಗಳಲ್ಲಿ ಗೋಡೆಯ ಒಡಲು ಸಡಿಲವಾಗಿ, ಮೇಲಿನ ಗಿಲಾವು ಹಾಳೆ ಹಾಳೆಯಾಗಿ ಬೀಳುತ್ತದೆ. ಸುಣ್ಣದ ಮನೆಗೆ ಸುಣ್ಣವೇ ಔಷಧ.

ಎರಡನೆಯದು ಬಡಾವಣೆಯ ಮನೆ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ, ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ, ಇಟ್ಟಿಗೆ ಗೋಡೆಯ ಮೇಲೆ ಕಾಂಕ್ರೀಟಿನ ತಾರಸಿ ಹೊದಿಸಿ ಕಟ್ಟಿದ್ದು. ಇದಕ್ಕೆ ಚರಿತ್ರೆಯ ಹಿರಿಮೆ ಇಲ್ಲ, ಹೊಸತರ ಮಿನುಗೂ ಇಲ್ಲ. ಮಧ್ಯವಯಸ್ಸಿನ ಮನುಷ್ಯನಂತೆ ಹೊರಗೆ ದೃಢವಾಗಿ ಕಂಡು, ಒಳಗೆ ಎರಡು ಮೂರು ಕಾಯಿಲೆಗಳನ್ನು ಅಡಗಿಸಿಕೊಂಡಿರುತ್ತದೆ. ಸತ್ಯಮಂಗಲದಂಥ ನಗರದಂಚಿನಲ್ಲಿ ಕೈಬದಲಾಗುವ ಮನೆಗಳಲ್ಲಿ ಇಂಥವೇ ಹೆಚ್ಚು. ಆದುದರಿಂದ ಇಲ್ಲಿ ಮುಖ್ಯವಾಗಿ ಇದರ ಮಾತು.

ಸುಣ್ಣದ ಹಿಂದಿನ ಕಲೆ

ಮಧ್ಯಮವರ್ಗದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ದಿನವೂ ರೈಲು ಹತ್ತುವ ಗುಮಾಸ್ತರು. ಮನೆಯಾಕೆ ಪ್ರೌಢಶಾಲೆಯ ಉಪಾಧ್ಯಾಯಿನಿ. ಓದುವ ಮಗಳೊಬ್ಬಳು; ಎಪ್ಪತ್ತು ದಾಟಿದ ತಾಯಿ. ಹದಿನೈದು ವರ್ಷಗಳ ಉಳಿತಾಯಕ್ಕೆ ಬ್ಯಾಂಕಿನ ಸಾಲ ಸೇರಿಸಿ ಸತ್ಯಮಂಗಲದಲ್ಲಿ ಇಂಥ ಮನೆಯೊಂದನ್ನು ಕೊಂಡರು. ಮೂಲಪತ್ರ, ಖಾತೆ, ಕಂದಾಯದ ರಸೀತಿ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ ಎಲ್ಲವನ್ನೂ ವಕೀಲರಿಗೆ ತೋರಿಸಿಯೇ ಕೊಂಡರು. ಕಾಗದವೆಲ್ಲ ಶುದ್ಧವಾಗಿತ್ತು. ಗೋಡೆಗಳೂ ಆಗ ತಾನೇ ಬಣ್ಣ ಬಳಿಸಿಕೊಂಡು ಶುದ್ಧವಾಗಿ ಕಾಣುತ್ತಿದ್ದವು.

ಕ್ರಯಪತ್ರದ ಶಾಯಿ ಒಣಗುವ ಮುನ್ನವೇ ಮನೆಯಲ್ಲಿ ಕನಸುಗಳು ಎದ್ದವು. ಯಜಮಾನರಿಗೆ ವಿಶಾಲವಾದ ಹಜಾರ ಬೇಕು. ಮನೆಯಾಕೆಗೆ ಕಪಾಟುಗಳನ್ನು ಸಾಲಾಗಿ ಜೋಡಿಸಿದ ಹೊಸ ಮಾದರಿಯ ಅಡಿಗೆಮನೆ ಬೇಕು. ಮಗಳಿಗೆ ತನ್ನದೇ ಆದ ಮೂಲೆ, ಅಲ್ಲೊಂದು ಮೇಜು ಬೇಕು. ಅಜ್ಜಿ ಮಾತ್ರ ಏನನ್ನೂ ಕೇಳಲಿಲ್ಲ. ಹಣವೋ, ಸಾಲದ ಕಂತು ಕಳೆದು ಉಳಿದಷ್ಟು. ಬಂಧುಗಳ ಸಲಹೆಯ ಮೇಲೆ ಒಳಾಂಗಣ ವಿನ್ಯಾಸಕಿಯೊಬ್ಬರನ್ನು ಕರೆಸಿದರು.

ಬಂದಾಕೆ ಬಣ್ಣದ ಪುಸ್ತಕ ಬಿಚ್ಚುವರೆಂದು ಎಲ್ಲರೂ ಕಾದರು. ಆಕೆ ಮೊದಲು ತಾರಸಿ ಹತ್ತಿದರು. ನೀರು ಹೋಗುವ ಕಂಡಿಯಲ್ಲಿ ಎಲೆ ಕಟ್ಟಿಕೊಂಡಿದೆಯೇ, ಇಳಿಜಾರು ಸರಿಯಾಗಿದೆಯೇ ಎಂದು ನೋಡಿದರು. ಕೆಳಗೆ ಬಂದು ಗೋಡೆಗಳನ್ನು ಬೆರಳಿನಿಂದ ತಟ್ಟುತ್ತಾ ಹೋದರು. ಅಡಿಗೆಮನೆಯ ಈಶಾನ್ಯದ ಮೂಲೆಯಲ್ಲಿ ಸದ್ದು ಬದಲಾಯಿತು. ಗಿಲಾವಿನ ಹಿಂದೆ ಟೊಳ್ಳು.

"ಇಲ್ಲಿ ನೀರಿದೆ ಸಾರ್. ಬಣ್ಣ ಹೊಡೆದು ಮುಚ್ಚಿದ್ದಾರೆ," ಎಂದರು.

"ಮಾರೋ ಮುಂಚೆ ಒಂದು ಮಾತು ಹೇಳಬಾರದಿತ್ತೇ ಅವರು!" ಎಂದು ಯಜಮಾನರಿಗೆ ಸಿಟ್ಟು ಬಂತು. ಸಿಟ್ಟಿನಿಂದ ಸೋರುವುದು ನಿಲ್ಲಲಿಲ್ಲ. ತಾರಸಿಯ ಅಂಚಿಗೆ ಸಣ್ಣ ಕಟ್ಟೆ ಕಟ್ಟಿ, ಒಂದು ಇಡೀ ದಿನ ನೀರು ನಿಲ್ಲಿಸಿ ಪರೀಕ್ಷಿಸಿದಾಗ, ಸುಣ್ಣದ ಹಿಂದಿನ ಕಲೆ ತಾನಾಗಿಯೇ ಹೊರಬಂದಿತು.

ಇದು ಸಣ್ಣ ವಿಷಯವಲ್ಲ. ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳುಗಳಿರುತ್ತವೆ. ನೀರು ತಗುಲಿ ತುಕ್ಕು ಹಿಡಿದ ಕಬ್ಬಿಣ ತನ್ನ ಮೂಲ ಗಾತ್ರಕ್ಕಿಂತ ಹಲವು ಪಾಲು ಉಬ್ಬುತ್ತದೆ. ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಅಂಥ ತಾರಸಿಯ ಕೆಳಗೆ ಅಲಂಕಾರದ ಸುಳ್ಳುಮಾಳಿಗೆಯನ್ನು ಕಟ್ಟಿದರೆ, ರೋಗ ಕಣ್ಣಿಗೆ ಕಾಣದಂತಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ವಿದ್ಯುತ್ತಿನ ವಿಷಯವೂ ಹಾಗೆಯೇ. ಒಂದು ದೀಪ, ಒಂದು ಪಂಕಕ್ಕೆಂದು ಎಳೆದ ಹಳೆಯ ತಂತಿಗೆ ನೀರು ಕಾಯಿಸುವ ಯಂತ್ರ, ಬಟ್ಟೆ ಒಗೆಯುವ ಯಂತ್ರ, ರುಬ್ಬುವ ಯಂತ್ರಗಳನ್ನೆಲ್ಲ ತಗುಲಿಸಿದರೆ ಅದು ಗೋಡೆಯೊಳಗೇ ಕಾಯುತ್ತದೆ. ಭೂಸಂಪರ್ಕದ ತಂತಿ ಎಲ್ಲ ಕಡೆಗೂ ಬಂದಿದೆಯೇ, ಸೋರುವ ವಿದ್ಯುತ್ತು 30 ಮಿಲಿಆಂಪಿಯರಿಗೆ ಮುಟ್ಟಿದೊಡನೆ ಸರಬರಾಜನ್ನು ಕಡಿದು ಪ್ರಾಣ ಉಳಿಸುವ ಸಾಧನವನ್ನು ಕೂರಿಸಿದೆಯೇ ಎಂದು ನೋಡಿದ ಮೇಲೆಯೇ ತೂಗುದೀಪದ ಮಾತು.

ಹೀಗೆ ಕಣ್ಣಿಗೆ ಕಾಣದ ಕೆಲಸಕ್ಕೇ ಅವರ ಹಣದ ಮೂರರಲ್ಲೊಂದು ಪಾಲು ಹೋಯಿತು. ಅಡಿಗೆಮನೆಯ ಕನಸು ಅಷ್ಟರ ಮಟ್ಟಿಗೆ ಕುಗ್ಗಿತು. ಮನೆಯಾಕೆಯ ಮುಖವೂ ಎರಡು ದಿನ ಬಾಡಿತ್ತೆಂದರೆ ಆಶ್ಚರ್ಯವಿಲ್ಲ.

ವಿನ್ಯಾಸಕರೆಂದರೆ ಯಾರು?

ಇಲ್ಲಿ ಓದುಗರು ತಿಳಿದಿರಬೇಕಾದ ಒಂದು ಸಂಗತಿಯುಂಟು. 1972ರಲ್ಲಿ ಪಾರ್ಲಿಮೆಂಟು ವಾಸ್ತುಶಿಲ್ಪಿಗಳ ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ನೋಂದಾಯಿತರಲ್ಲದವರು ತಮ್ಮನ್ನು 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳುವಂತಿಲ್ಲ. ಒಳಾಂಗಣ ವಿನ್ಯಾಸಕ ಎಂಬ ಹೆಸರಿಗೆ ಅಂಥ ಕಾವಲಿಲ್ಲ. ಅದೇ 1972ರಲ್ಲಿ ಭಾರತೀಯ ಒಳಾಂಗಣ ವಿನ್ಯಾಸಕರ ಸಂಸ್ಥೆ ಹುಟ್ಟಿಕೊಂಡಿದ್ದರೂ, ಕಾಲೇಜುಗಳಲ್ಲಿ ವಿಧಿವತ್ತಾಗಿ ಈ ವಿದ್ಯೆ ಕಲಿತು ಬಂದವರು ಅನೇಕರಿದ್ದರೂ, ಕಪಾಟು ಮಾರುವ ಅಂಗಡಿಯವನೂ ಅದೇ ಹೆಸರಿನ ಫಲಕವನ್ನು ತೂಗುಹಾಕಬಹುದು. ಆದುದರಿಂದ ಕರೆಸುವವರು ಅವರ ಚಿತ್ರಗಳನ್ನಷ್ಟೇ ನೋಡಿ ಮರುಳಾಗದೆ, ಅವರು ಮುಗಿಸಿಕೊಟ್ಟು ಎರಡು ಮೂರು ಮಳೆಗಾಲ ಕಳೆದಿರುವ ಮನೆಯೊಂದನ್ನು ಹೋಗಿ ನೋಡುವುದು ಒಳಿತು.

ಇನ್ನೊಂದು, ಬರವಣಿಗೆಯ ಒಪ್ಪಂದ. ಯಾವ ಕೆಲಸ, ಯಾವ ವಸ್ತು, ಎಷ್ಟು ಅಳತೆ, ಎಂದಿಗೆ ಮುಗಿಯಬೇಕು, ಯಾವ ಹಂತಕ್ಕೆ ಎಷ್ಟು ಹಣ—ಇಷ್ಟೂ ಕಾಗದದ ಮೇಲಿರಬೇಕು. ಉದಾಹರಣೆಗೆ 'ಒಳ್ಳೆಯ ಪ್ಲೈವುಡ್' ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಹಲಗೆಯ ಮೇಲೆ ಭಾರತೀಯ ಮಾನಕದ ಮುದ್ರೆಯಿರುತ್ತದೆ. ಐ.ಎಸ್. 303 ಎಂಬುದು ಮಂಚ, ಪುಸ್ತಕದ ಕಪಾಟುಗಳಂಥ ಸಾಮಾನ್ಯ ಬಳಕೆಗೆ, ಐ.ಎಸ್. 710 ಎಂಬುದು ನೀರಿನ ಹಾವಳಿಯನ್ನು ತಾಳಿಕೊಳ್ಳುವಂಥದು, ಅಡಿಗೆಮನೆಯ ತೊಟ್ಟಿಯ ಕೆಳಗೆ ಹಾಕತಕ್ಕದ್ದು. ಮೇಲೆ ಹೊಳಪಿನ ಹಾಳೆ ಅಂಟಿಸಿದ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಬೇರೆಯಾಗಿ ಕಾಣುವುದು ಮೂರನೆಯ ವರ್ಷ, ತಳ ಊದಿಕೊಂಡು ಬಾಗಿಲು ಮುಚ್ಚದಿದ್ದಾಗ.

ಗೋಡೆಯ ಈಚೆ, ಆಚೆ

ನಿಜವಾದ ಇಕ್ಕಟ್ಟು ಬಂದದ್ದು ಹಜಾರದ ವಿಷಯದಲ್ಲಿ. ಹಜಾರಕ್ಕೂ ಬೀದಿಯ ಕಡೆಯ ಸಣ್ಣ ಕೋಣೆಗೂ ನಡುವೆ ಒಂದು ಗೋಡೆ. ಅದನ್ನು ತೆಗೆದರೆ ಹಜಾರ ದೊಡ್ಡದಾಗುತ್ತದೆ. ನಾಲ್ಕು ಜನ ಬಂದರೆ ಕೂರಿಸಬಹುದು. ಆ ಕೋಣೆಯನ್ನು ಅಜ್ಜಿಗೆಂದು ಇಟ್ಟುಕೊಂಡಿದ್ದರು. ಆಕೆ ಹಿಂದುಗಡೆ ಬಚ್ಚಲಿನ ಪಕ್ಕದ ಕೋಣೆಗೆ ಹೋದರಾಯಿತೆಂದು ಮಗನ ಎಣಿಕೆ.

"ಗೋಡೆ ಒಡೆದರೆ ಹಾಲ್ ದೊಡ್ಡದಾಗುತ್ತಲ್ಲವೇ ಮೇಡಂ?"

"ಆಗುತ್ತೆ ಸಾರ್. ಆದರೆ ಒಂಬತ್ತು ಇಂಚಿನ ಗೋಡೆ ಇದು. ಇದು ಹೋದರೆ ಮೇಲಿನ ತಾರಸಿಯನ್ನ ಯಾರು ಹೊರ್ತಾರೆ?"

ಬಡಾವಣೆಯ ಹಳೆಯ ಮನೆಗಳಲ್ಲಿ ಬಹುಮಟ್ಟಿಗೆ ಒಂಬತ್ತು ಇಂಚಿನ ಗೋಡೆಗಳೇ ತಾರಸಿಯ ಭಾರವನ್ನು ಹೊರುತ್ತವೆ. ನಾಲ್ಕೂವರೆ ಇಂಚಿನವು ಬರಿಯ ಅಡ್ಡಗೋಡೆಗಳು. ಹೊರುವ ಗೋಡೆಯನ್ನು ತೆಗೆಯಲೇಬೇಕೆಂದರೆ ಕಟ್ಟಡದ ಎಂಜಿನಿಯರು ಲೆಕ್ಕಹಾಕಿ, ಉಕ್ಕಿನ ತೊಲೆಯನ್ನು ಕೊಟ್ಟು, ಅದಕ್ಕೆ ಆಧಾರ ಕಟ್ಟಬೇಕು. ಮೇಸ್ತ್ರಿಯ ಧೈರ್ಯದ ಮಾತೊಂದನ್ನೇ ನಂಬಿ ಸುತ್ತಿಗೆ ಎತ್ತುವ ಕೆಲಸ ಅದಲ್ಲ.

ಯಜಮಾನರು ಸುಮ್ಮನಾದರು. ಆದರೆ ವಿನ್ಯಾಸಕಿಯ ಪ್ರಶ್ನೆ ಮುಗಿದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಜ್ಜಿಯ ಕಡೆ ತಿರುಗಿದರು.

"ಅಮ್ಮಾ, ಬೆಳಗಿನ ಹೊತ್ತು ನೀವು ಎಲ್ಲಿ ಕೂತ್ಕೋತೀರಿ?"

"ಈ ಕಿಟಕಿ ಹತ್ರಾನೇ ಕಣಮ್ಮ. ಬಿಸಿಲು ಬರುತ್ತೆ. ಬೀದೀಲಿ ಹೋಗೋವರು ಮಾತಾಡಿಸ್ತಾರೆ. ಹಿಂದುಗಡೆ ರೂಮಿಗೆ ಹೋದರೆ ನಾನಿದ್ದೀನೋ ಇಲ್ಲವೋ ಯಾರಿಗೆ ಗೊತ್ತಾಗುತ್ತೆ?"

ಯಾರೂ ಮಾತನಾಡಲಿಲ್ಲ. ಗೋಡೆ ತಾರಸಿಯ ಜೊತೆಗೆ ಬೇರೆ ಯಾವುದನ್ನು ಹೊತ್ತುಕೊಂಡಿದೆಯೆಂಬುದು ಎಲ್ಲರಿಗೂ ತಿಳಿಯಿತು. ಗೋಡೆ ಉಳಿಯಿತು. ಕೋಣೆ ಅಜ್ಜಿಯದಾಗಿಯೇ ಉಳಿಯಿತು. ಹಜಾರದಲ್ಲಿ ಭಾರಿ ಸೋಫಾಗಳ ಬದಲು ಗೋಡೆಯುದ್ದಕ್ಕೂ ತಗ್ಗಾದ ಮರದ ದಿವಾನು ಬಂತು. ಹಳೆಯ ಜಗಲಿಯ ಹಾಗೆ, ಆರು ಜನ ಕೂರಬಹುದು, ಒಬ್ಬರು ಮಲಗಲೂಬಹುದು. ಬಚ್ಚಲಿಗೆ ಜಾರದ ನೆಲಹಾಸು, ಗೋಡೆಗೊಂದು ಹಿಡಿಕೆ, ಹೊಸ್ತಿಲ ಎತ್ತರಕ್ಕೆ ಕತ್ತರಿ. ಹಿಂದಿನ ಕೋಣೆಯ ಗೋಡೆಯಲ್ಲಿ ಸೂರಿನ ಹತ್ತಿರ ಗವಾಕ್ಷಿಯೊಂದನ್ನು ತೆರೆದು, ಅದರ ಕೆಳಗೆ ಮಗಳ ಮೇಜನ್ನು ಇಟ್ಟರು. ಕಪಾಟುಗಳು ಕಡಿಮೆಯಾದರೂ, ಅಡಿಗೆಕಟ್ಟೆಯನ್ನು ಮನೆಯಾಕೆಯ ಎತ್ತರಕ್ಕೆ ಅಳೆದು ಕಟ್ಟಿದರು. ದಿನಕ್ಕೆರಡು ಬಾರಿ ಬಗ್ಗಿ ನೋಯುವ ಬೆನ್ನಿಗೆ ಅದರ ಬೆಲೆ ತಿಳಿಯುತ್ತದೆ.

ಐದು ಮೈಲಿಯ ಸುತ್ತು

ಕೇರಳವನ್ನು ತಮ್ಮ ಊರಾಗಿಸಿಕೊಂಡ ಆಂಗ್ಲ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಗಾಂಧೀಜಿಯವರ ಒಂದು ಮಾತನ್ನು ಜೀವನದುದ್ದಕ್ಕೂ ನೆನೆಯುತ್ತಿದ್ದರು: ಮನೆಗೆ ಬೇಕಾದ ವಸ್ತುಗಳು ಐದು ಮೈಲಿಯ ಸುತ್ತಿನೊಳಗೇ ಸಿಕ್ಕುವಂತಿರಬೇಕು ಎಂಬುದು ಅದರ ಸಾರ. ಸಿಮೆಂಟು, ಉಕ್ಕು, ಗಾಜುಗಳ ಈ ಕಾಲದಲ್ಲಿ ಅದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೂ ದೂರದ ವಸ್ತುವನ್ನು ತರಿಸುವ ಮುನ್ನ ಊರಿನ ಗುಣವನ್ನು ವಿಚಾರಿಸಿದರೆ ನಷ್ಟವಿಲ್ಲ.

ತುಮಕೂರು ಮಳೆ ಕಡಿಮೆಯಿರುವ ಬಯಲುಸೀಮೆ. ಕುಡಿಯುವ ನೀರು ಹೇಮಾವತಿಯಿಂದ ಬುಗುಡನಹಳ್ಳಿಯ ಕೆರೆಗೆ ಬಂದು ನಗರಕ್ಕೆ ಹರಿಯುತ್ತದೆ. ಅದು ಸಾಲದಾದಲ್ಲಿ ಕೊಳವೆಬಾವಿ. ಕೊಳವೆಬಾವಿಯ ಗಡಸುನೀರು ಬಿದ್ದಲ್ಲೆಲ್ಲ ಬಿಳಿಯ ಉಪ್ಪಿನ ಕಲೆ. ಕಪ್ಪನೆಯ ಹೊಳಪಿನ ನೆಲ, ಗಾಜಿನ ತಡಿಕೆಗಳಿರುವ ಬಚ್ಚಲು ಪತ್ರಿಕೆಯ ಚಿತ್ರದಲ್ಲಿ ಸೊಗಸು. ಇಲ್ಲಿ ಅದನ್ನು ದಿನವೂ ಉಜ್ಜುವ ಕೈ ಯಾರದೆಂದು ಮೊದಲೇ ಕೇಳಿಕೊಳ್ಳಬೇಕು. ಚೈತ್ರ ವೈಶಾಖಗಳ ಪಡುವಣ ಬಿಸಿಲಿಗೆ ಅಗಲವಾದ ಸಜ್ಜವೂ ತಾರಸಿಯ ಮೇಲೊಂದು ಕೈ ಬಿಳಿಸುಣ್ಣವೂ ಮಾಡುವ ಉಪಕಾರವನ್ನು ದುಬಾರಿ ಪರದೆಗಳು ಮಾಡಲಾರವು. ಎದುರುಬದುರಿನ ಎರಡು ಕಿಟಕಿಗಳು ತೆರೆದಿದ್ದರೆ ಸಂಜೆಯ ಗಾಳಿ ಬಿಟ್ಟಿಯಾಗಿ ಒಳಗೆ ಬಂದು ಹೋಗುತ್ತದೆ.

ಹಳೆಯ ಮನೆಯಿಂದ ತೆಗೆದ ವಸ್ತುಗಳ ಕಥೆ ಇನ್ನೊಂದು. ಕದ, ಕಿಟಕಿ, ಕಲ್ಲುಚಪ್ಪಡಿಗಳನ್ನು ಗುಜರಿಗೆ ಹಾಕುವುದು ಸುಲಭ. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರರಾಗಿದ್ದ ಮಣಿಪಾಲದ ವಿಜಯನಾಥ ಶೆಣೈ ಅವರು ಹಾಗೆ ಎಸೆಯಲಾದ ಕಂಬ, ಬಾಗಿಲು, ತೊಲೆಗಳನ್ನು ಆಯ್ದು ತಂದು 'ಹಸ್ತಶಿಲ್ಪ'ವೆಂಬ ತಮ್ಮ ವಾಸದ ಮನೆಯನ್ನೇ ಕಟ್ಟಿದರು. ನೋಡಬಂದವರ ಸಂಖ್ಯೆ ಏರಿತು, ಮನೆ ವಸ್ತುಸಂಗ್ರಹಾಲಯವಾಯಿತು. ಅಷ್ಟಕ್ಕೆ ನಿಲ್ಲದೆ, ನಾಡಿನ ಬೇರೆ ಬೇರೆ ಕಡೆ ಬೀಳಲಿದ್ದ ಮನೆಗಳನ್ನು ತುಂಡುತುಂಡಾಗಿ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿ, ಒಂದು ಪಾರಂಪರಿಕ ಗ್ರಾಮವನ್ನೇ ಎಬ್ಬಿಸಿದರು. ಕುಕನೂರಿನ ಕಮಲಮಹಲು, ಮಿಯಾರಿನ ಮನೆ ಅಲ್ಲಿ ಇಂದಿಗೂ ನಿಂತಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರಷ್ಟು ಸಾಹಸ ಎಲ್ಲರಿಂದಲೂ ಆಗದು. ಆದರೆ ಹಳೆಯ ತೇಗದ ಕದವನ್ನು ಹೆರೆದು, ಎಣ್ಣೆ ಕೊಟ್ಟು, ಅದೇ ಬಾಗಿಲಿಗೆ ಮತ್ತೆ ಕೂರಿಸುವುದು ಊರಿನ ಆಚಾರಿಗಳಿಂದಲೇ ಆಗುವ ಕೆಲಸ.

ಪರದೆಯೂ ಮನೆಯೂ

ತುಮಕೂರಿನಿಂದ ಸುಮಾರು 20 ಕಿಲೋಮೀಟರು ಪಡುವಣಕ್ಕೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪೆನಿ, ವೀರಣ್ಣನವರ ಕೈಯಲ್ಲಿ ರಂಗಾಲಂಕಾರಕ್ಕೆ ನಾಡಿಗೇ ಹೆಸರಾಯಿತು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಅರಮನೆಯ ಪರದೆ ಇಳಿದರೆ ಪ್ರೇಕ್ಷಕರು ಅರಮನೆಯೊಳಗೇ ಇದ್ದಂತೆ. ಆದರೆ ಪರದೆ ಮುಂದಿನಿಂದ ನೋಡುವವರಿಗಾಗಿ ಬರೆದದ್ದು. ಮೂರು ತಾಸಿನ ಮಟ್ಟಿಗೆ ಅದು ನಿಜ. ಮನೆಯ ಲೆಕ್ಕ ಬೇರೆ. ಅಲ್ಲಿ ಪ್ರೇಕ್ಷಕರಿಲ್ಲ. ಒಳಗಿರುವವರು ಹಗಲೂ ಇರುಳೂ, ಜ್ವರ ಬಂದಾಗಲೂ, ಮುನಿಸಿಕೊಂಡಾಗಲೂ, ಪರೀಕ್ಷೆಯ ಹಿಂದಿನ ರಾತ್ರಿಯೂ ಅಲ್ಲೇ ಇರತಕ್ಕವರು. ಅತಿಥಿಯ ಅರ್ಧ ಗಂಟೆಗಾಗಿ ಸಂಸಾರದ ಮೂವತ್ತು ವರ್ಷಗಳನ್ನು ಅಲಂಕರಿಸಹೊರಟಾಗಲೇ ಹಣ ದಾರಿ ತಪ್ಪುವುದು.

ಹಾಲು ಉಕ್ಕಿದ ದಿನ

ಕೆಲಸ ಮುಗಿಯಿತು. ಒಪ್ಪಿಕೊಂಡದ್ದಕ್ಕಿಂತ ಒಂದು ತಿಂಗಳು ತಡವಾಗಿ ಮುಗಿಯಿತೆಂದರೆ ಅನುಭವಸ್ಥರು ಅದನ್ನು ಬೇಗವೆಂದೇ ಹೇಳಿಯಾರು. ಕಡೆಯ ಕಂತಿನ ಹಣವನ್ನು ಮಾತ್ರ ಯಜಮಾನರು ಮೊದಲ ದೊಡ್ಡ ಮಳೆ ಬಂದುಹೋಗುವ ತನಕ ಉಳಿಸಿಕೊಂಡಿದ್ದರು. ಒಪ್ಪಂದದಲ್ಲಿ ಹಾಗೆಂದು ಬರೆದಿದ್ದುದರಿಂದ ಯಾರಿಗೂ ಮನಸ್ತಾಪವಾಗಲಿಲ್ಲ. ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿದರು. ಅಜ್ಜಿಯ ಒತ್ತಾಯದ ಮೇಲೆ, ಮನೆ ಮಾರಿದ ವೃದ್ಧ ದಂಪತಿಗಳಿಗೂ ಕರೆ ಹೋಗಿತ್ತು.

ಬಂದ ಹಿರಿಯರು ಬಣ್ಣ ನೋಡಲಿಲ್ಲ, ದೀಪ ನೋಡಲಿಲ್ಲ. ನೇರವಾಗಿ ಅಡಿಗೆಮನೆಯ ಮೂಲೆಗೆ ಹೋಗಿ ಗೋಡೆಯ ಮೇಲೆ ಕೈಯಿಟ್ಟರು.

"ಇಲ್ಲಿ ಸೋರೋದು ನಿಂತಿತಾ?" ಎಂದು ಕೇಳಿದರು. ಸ್ವಲ್ಪ ತಡೆದು, "ಮೊದಲೇ ಹೇಳಬೇಕಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು, ಹೇಳಿದರೆ ಬೆಲೆ ಇಳೀತದೆ ಅಂತ ಹೆದರಿಕೆಯಾಯಿತು," ಎಂದರು.

ಯಜಮಾನರು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಗಂಟಲಲ್ಲೇ ಉಳಿದವು. "ನಿಂತಿತು, ಬನ್ನಿ, ಊಟಕ್ಕೆ ಕೂತ್ಕೊಳ್ಳಿ," ಎಂದಷ್ಟೇ ಹೇಳಿದರು. ಹಿರಿಯರು ಹೋಗುವ ಮುನ್ನ ಸಂಪಿನಿಂದ ತೊಟ್ಟಿಗೆ ಹೋಗುವ ಕೊಳವೆ ನೆಲದಡಿಯಲ್ಲಿ ಎಲ್ಲೆಲ್ಲಿ ಹಾಯ್ದಿದೆಯೆಂದು ಕಾಲಿನಿಂದ ಗೆರೆ ಎಳೆದು ತೋರಿಸಿದರು. ಮಗಳು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಯಾವ ನಕ್ಷೆಯಲ್ಲಿಯೂ ಇಲ್ಲದ ಆ ವಿಷಯ, ಮನೆ ಕೊಂಡ ದಿನವೇ ಕೇಳಿದ್ದರೆ ಅಂದೇ ಸಿಕ್ಕುತ್ತಿತ್ತೋ ಏನೋ.

ಸತ್ಯಮಂಗಲವೆಂಬ ಹೆಸರಿನಲ್ಲಿ ಸತ್ಯ ಮೊದಲು, ಮಂಗಲ ಬಳಿಕ. ಮನೆ ಕೊಳ್ಳುವವರೂ ಮಾರುವವರೂ ಅಲಂಕರಿಸುವವರೂ ಆ ಕ್ರಮವನ್ನೇ ಹಿಡಿದರೆ, ಹಳೆಯ ಗೋಡೆಗಳು ಇನ್ನೊಂದು ತಲೆಮಾರನ್ನು ಸುಖವಾಗಿ ಸಾಕಬಲ್ಲವು.